ಎರಡನೇ ಟ್ಯಾರಂಟುಲಾ ಆರಿಸುವುದು ಹೇಗೆ: ಸಾಧು ಜಾತಿಯಿಂದ ಸವಾಲಿನ ಜಾತಿಗೆ

ನಿಮ್ಮ ಮನೆಯಲ್ಲಿ ಈಗಾಗಲೇ ಒಂದು ಸಾಧು ಟ್ಯಾರಂಟುಲಾ, ಅಂದರೆ ಮೈತುಂಬ ಕೂದಲಿರುವ ದೊಡ್ಡ ಜೇಡ, ಇದೆ ಅಂದುಕೊಳ್ಳೋಣ. ಕರ್ಲಿ ಹೇರ್ ಇರಬಹುದು, ಮೆಕ್ಸಿಕನ್ ರೆಡ್ ನೀ ಇರಬಹುದು, ಚಾಕೋ ಗೋಲ್ಡನ್ ನೀ ಇರಬಹುದು. ಒಂದೆರಡು ವರ್ಷ ಕಳೆದಿದೆ. ಅದು ಪೊರೆ ಬಿಡುವುದನ್ನು ನೋಡಿದ್ದೀರಿ. ತಿಂಗಳುಗಟ್ಟಲೆ ಊಟ ಬಿಟ್ಟು ಕೂತರೂ ಗಾಬರಿಯಾಗದೆ ಇರುವುದನ್ನು ಕಲಿತಿದ್ದೀರಿ. ಈಗ ಇನ್ನೊಂದು ಬೇಕು, ಅದೂ ಸ್ವಲ್ಪ ಕಷ್ಟದ್ದೇ ಬೇಕು ಅನಿಸುತ್ತಿದೆ. ಈ ಮಾರ್ಗದರ್ಶಿ ನಿಮಗಾಗಿ.

ಈ ಹಂತದಲ್ಲಿ ಬಹಳ ಜನ ಬಣ್ಣ ನೋಡಿ ಮನಸೋಲುತ್ತಾರೆ. ಮಿರಿಮಿರಿ ನೀಲಿಯ ಪೀಸಿಲೊಥೀರಿಯಾ ಮೆಟಾಲಿಕಾದ ಫೋಟೋ ನೋಡುತ್ತಾರೆ, ನೇರವಾಗಿ ಅದಕ್ಕೇ ಕೈ ಹಾಕುತ್ತಾರೆ. ನನ್ನ ಸಲಹೆ ಬೇರೆ. ಒಂದು ಸಲಕ್ಕೆ ಒಂದು ಹೊಸ ಕಷ್ಟವನ್ನು ಮಾತ್ರ ಮೈಮೇಲೆ ಹಾಕಿಕೊಳ್ಳಿ. ಕೆಳಗಿನ ಹೆಜ್ಜೆಗಳೆಲ್ಲ ಇದೇ ಲೆಕ್ಕದಲ್ಲಿ ಇವೆ.

ಹೆಜ್ಜೆ 1: ‘ಕಷ್ಟ’ ಅಂದರೆ ಯಾವ ಕಷ್ಟ ಎಂದು ಬಿಡಿಸಿ ನೋಡಿ

ಅಂಗಡಿಯ ಪಟ್ಟಿಯಲ್ಲಿ ಒಂದು ಜಾತಿಯ ಮುಂದೆ ‘ಅನುಭವಿಗಳಿಗೆ ಮಾತ್ರ’ ಎಂದು ಬರೆದಿರುತ್ತಾರೆ. ಯಾಕೆ ಅಂತ ಬರೆದಿರುವುದಿಲ್ಲ. ಕಷ್ಟದಲ್ಲಿ ಹಲವು ಬಗೆ ಇದೆ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇರಬೇಕು ಅಂತೇನೂ ಇಲ್ಲ.

ಮೊದಲನೆಯದು ವೇಗ. ನಿಮ್ಮ ಕರ್ಲಿ ಹೇರ್ ಗಾಬರಿಯಾದರೆ ನಾಲ್ಕು ಹೆಜ್ಜೆ ಓಡಿ ನಿಲ್ಲುತ್ತದೆ. ಮರವಾಸಿ ಜಾತಿಗಳು ಹಾಗಲ್ಲ. ಪೆಟ್ಟಿಗೆಯ ಗೋಡೆ, ಮುಚ್ಚಳ, ನಿಮ್ಮ ಕೈ, ತೋಳು, ಎಲ್ಲವನ್ನೂ ಕಣ್ಣು ಮಿಟುಕಿಸುವಷ್ಟರಲ್ಲಿ ದಾಟುತ್ತವೆ.

ಎರಡನೆಯದು ವಿಷ. ಎರಡೂ ಅಮೆರಿಕ ಖಂಡಗಳ ಜಾತಿಗಳನ್ನು ಸಾಕುವವರು ನ್ಯೂ ವರ್ಲ್ಡ್ ಎನ್ನುತ್ತಾರೆ. ಆಫ್ರಿಕಾ, ಏಷ್ಯಾ, ಆಸ್ಟ್ರೇಲಿಯಾ ಕಡೆಯವು ಓಲ್ಡ್ ವರ್ಲ್ಡ್. ನ್ಯೂ ವರ್ಲ್ಡ್ ಜಾತಿಗಳಲ್ಲಿ ಹೆಚ್ಚಿನವು ಹೊಟ್ಟೆಯ ಮೇಲಿನ ತುರಿಕೆ ಕೂದಲನ್ನು ಕಾಲಿನಿಂದ ಕೆರೆದು ಗಾಳಿಗೆ ಬಿಟ್ಟು ತಮ್ಮನ್ನು ಕಾಪಾಡಿಕೊಳ್ಳುತ್ತವೆ. ಓಲ್ಡ್ ವರ್ಲ್ಡ್ ಜಾತಿಗಳಿಗೆ ಆ ಕೂದಲೇ ಇಲ್ಲ. ಅವು ಓಡುತ್ತವೆ, ಇಲ್ಲದಿದ್ದರೆ ಕಚ್ಚುತ್ತವೆ. ಅವುಗಳ ವಿಷವೂ ಜಾಸ್ತಿ ಚುರುಕು. ಈ ಗುಂಪಿನ ಪೀಸಿಲೊಥೀರಿಯಾ ಕಚ್ಚಿದವರಲ್ಲಿ ಹಲವರಿಗೆ ಜೋರು ನೋವಿನ ಜೊತೆಗೆ ಸ್ನಾಯು ಸೆಳೆತ ಬರುತ್ತದೆ, ಕೆಲವರಿಗೆ ಅದು ಹಲವು ದಿನ ಮತ್ತೆ ಮತ್ತೆ ಕಾಡುತ್ತದೆ. ಟ್ಯಾರಂಟುಲಾ ಕಚ್ಚಿ ಮನುಷ್ಯ ಸತ್ತ ಖಚಿತ ದಾಖಲೆ ಇಲ್ಲ, ನಿಜ. ಆದರೆ ಆಸ್ಪತ್ರೆಗೆ ಹೋಗಬೇಕಾಗಿ ಬಂದವರಿದ್ದಾರೆ.

ಮೂರನೆಯದು ತೇವ. ಗಯಾನಾ, ಸುರಿನಾಮ್ ಕಡೆಯ ದೈತ್ಯ ಥೆರಾಫೋಸಾ ಜಾತಿಗಳಿಗೆ ಮಣ್ಣು ಯಾವಾಗಲೂ ಒದ್ದೆಯಾಗಿರಬೇಕು, ಗಾಳಿಯೂ ಆಡುತ್ತಿರಬೇಕು. ಮಣ್ಣು ಒಣಗಿದರೆ ಪೊರೆ ಬಿಡುವಾಗ ಸಿಕ್ಕಿಕೊಂಡು ಸಾಯುವ ಭಯ, ಗಾಳಿ ನಿಂತರೆ ಬೂಷ್ಟಿನ ಕಾಟ. ಜೊತೆಗೆ ಇವುಗಳ ತುರಿಕೆ ಕೂದಲು ಬಹಳ ಕೆಟ್ಟದ್ದು, ಕಣ್ಣಿಗೆ ಬಿದ್ದರೆ ವೈದ್ಯರೇ ತೆಗೆಯಬೇಕಾಗುತ್ತದೆ. ಮಾರ್ಟಿನಿಕ್ ದ್ವೀಪದ ಕ್ಯಾರಿಬೆನಾ ವರ್ಸಿಕಲರ್‌ನ ಮರಿಗಳಿಗೂ ಈ ತೇವ ಮತ್ತು ಗಾಳಿಯ ಹದ ಬೇಕು. ಅದು ಕಚ್ಚುವ ಸ್ವಭಾವದ್ದಲ್ಲ. ಕಷ್ಟ ಇರುವುದು ಅದನ್ನು ಉಳಿಸಿಕೊಳ್ಳುವುದರಲ್ಲಿ.

ನಾಲ್ಕನೆಯದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ: ಕಾಣಿಸದೆ ಇರುವುದು. ಮ್ಯಾನ್ಮಾರ್, ಥಾಯ್ಲೆಂಡ್ ಕಡೆಯ ಕೋಬಾಲ್ಟ್ ಬ್ಲೂ ಎಷ್ಟು ಚೆಂದ ಅಂದರೂ ಅದು ಬಿಲದಲ್ಲೇ ಇರುತ್ತದೆ. ನೀವು ಸಾಕುವುದು ಒಂದು ಪೆಟ್ಟಿಗೆ ಮಣ್ಣು ಮತ್ತು ಒಂದು ತೂತು. ಅದು ನಿಮಗೆ ಸರಿ ಅಂದರೆ ಸಂತೋಷ. ಸರಿ ಹೋಗದಿದ್ದರೆ ಸುಮ್ನೆ ದುಡ್ಡು ಹಾಕಬೇಡಿ.

ಹೆಜ್ಜೆ 2: ನಿಮ್ಮ ಅಭ್ಯಾಸವನ್ನೂ ಮನೆಯನ್ನೂ ಪರೀಕ್ಷಿಸಿ

ಈಗಿರುವ ಜೇಡವನ್ನು ಕೈಮೇಲೆ ಬಿಟ್ಟುಕೊಳ್ಳುವ ರೂಢಿ ಇದ್ದರೆ ಮೊದಲು ಅದನ್ನು ನಿಲ್ಲಿಸಿ. ಮುಂದಿನ ಹಂತದ ಜಾತಿಗಳಲ್ಲಿ ಪೆಟ್ಟಿಗೆಯೊಳಗೆ ಬೆರಳು ಹೋಗಲೇಬಾರದು. ನೀರು ಹಾಕುವುದು, ಕಸ ತೆಗೆಯುವುದು, ತಿನ್ನದೆ ಬಿಟ್ಟ ಹುಳ ಎತ್ತುವುದು, ಎಲ್ಲ ಉದ್ದನೆಯ ಚಿಮಟದಿಂದಲೇ ಆಗಬೇಕು. ಸಾಧು ಜೇಡದ ಮೇಲೆಯೇ ಕೆಲವು ತಿಂಗಳು ಹೀಗೆ ಮಾಡಿ ನೋಡಿ. ಮುಚ್ಚಳ ತೆಗೆಯುವ ಮುಂಚೆ ಜೇಡ ಎಲ್ಲಿದೆ ಎಂದು ಹುಡುಕುವುದು ತಾನಾಗಿ ಬರಬೇಕು. ಅದು ಕಾಣಿಸದಿದ್ದರೆ ಮುಚ್ಚಳ ತೆಗೆಯಬಾರದು.

ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಬೀಗ ಹಾಕುವ ಕಪಾಟು ಬೇಕು. ನಾಯಿ ಇದ್ದರೆ ಇನ್ನೂ ಎಚ್ಚರ ಬೇಕು. ಆಸ್ಟ್ರೇಲಿಯಾದಲ್ಲಿ ಅಲ್ಲಿನ ಟ್ಯಾರಂಟುಲಾ ಕಚ್ಚಿ ನಾಯಿಗಳು ಸತ್ತದ್ದು ದಾಖಲಾಗಿದೆ, ಅದೇ ಜೇಡಗಳು ಕಚ್ಚಿದ ಮನುಷ್ಯರಿಗೆ ನೋವು ಬಿಟ್ಟರೆ ಹೆಚ್ಚೇನೂ ಆಗಿಲ್ಲ.

ನಮ್ಮ ಮನೆಗಳಲ್ಲಿ ಜೇಡಕ್ಕೆ ದೊಡ್ಡ ಶತ್ರು ಸೊಳ್ಳೆ ಔಷಧಿ. ಗೋಡೆಗೆ ಚುಚ್ಚುವ ಲಿಕ್ವಿಡ್, ಬತ್ತಿ, ಜಿರಳೆ ಸ್ಪ್ರೇ, ಇರುವೆ ಚಾಕ್, ನಾಯಿಗೆ ಹಚ್ಚುವ ಉಣ್ಣಿ ಔಷಧಿ, ಇವುಗಳಲ್ಲಿ ಹೆಚ್ಚಿನವು ಜೇಡವನ್ನೂ ಕೊಲ್ಲುವಂಥವೇ. ಜೇಡ ಇರುವ ಕೋಣೆಯಲ್ಲಿ ಇವು ಯಾವುದೂ ಬೇಡ, ಕಿಟಕಿಗೆ ಸೊಳ್ಳೆ ಪರದೆ ಹಾಕಿಸಿ. ಇರುವೆ ಬರುತ್ತಿದ್ದರೆ ಸ್ಟ್ಯಾಂಡಿನ ಕಾಲುಗಳನ್ನು ನೀರು ತುಂಬಿದ ಬಟ್ಟಲಲ್ಲಿಡಿ. ಪೊರೆ ಬಿಡುತ್ತಾ ಅಲುಗಾಡದೆ ಬಿದ್ದಿರುವ ಮರಿಯನ್ನು ಇರುವೆಗಳು ಮುಗಿಸಿಬಿಡುತ್ತವೆ.

ಶಾಖದ ಬಗ್ಗೆ ಬೆಂಗಳೂರು, ಮೈಸೂರಿನವರು ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. 22ರಿಂದ 28 ಡಿಗ್ರಿ ಇದ್ದರೆ ಸಾಕು, ಹೀಟರ್ ಬೇಡ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಮಾತ್ರ ಮನೆಯ ಅತಿ ತಂಪಾದ ಕೋಣೆ, ನೆಲಕ್ಕೆ ಹತ್ತಿರದ ಜಾಗ ಹುಡುಕಿ. ಚಳಿ ದೇಶದಲ್ಲಿ ಇರುವವರಿಗೆ ಉಲ್ಟಾ ತೊಂದರೆ: ರೂಮ್ ಹೀಟರ್ ಗಾಳಿಯನ್ನು ಒಣಗಿಸುತ್ತದೆ, ಮಣ್ಣಿಗೆ ಪದೇ ಪದೇ ನೀರು ಬೇಕಾಗುತ್ತದೆ.

ಹೆಜ್ಜೆ 3: ಕಾನೂನು ನೋಡಿ, ಆಮೇಲೆ ಮಾರುವವರನ್ನು ನೋಡಿ

ಇದನ್ನು ಹಾರಿಸಿ ಮುಂದೆ ಓದಬೇಡಿ. ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯಿತು, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್ ಪಟ್ಟಿಯ ಪ್ರಾಣಿಗಳು ಈಗ ಈ ಕಾಯ್ದೆಯ 4ನೇ ಅನುಸೂಚಿಯಲ್ಲಿವೆ. ಅಂಥ ವಿದೇಶಿ ಪ್ರಾಣಿ ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಅದಕ್ಕಾಗಿ 2024ರಲ್ಲಿ ಪ್ರತ್ಯೇಕ ನಿಯಮಗಳೇ ಬಂದಿವೆ. ಮರಿ ಹಾಕಿದರೂ ಸತ್ತರೂ ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ಮೆಕ್ಸಿಕನ್ ರೆಡ್ ನೀ ಸೇರಿದ ಬ್ರ್ಯಾಕಿಪೆಲ್ಮಾ ಕುಲ ಸೈಟಿಸ್ ಪಟ್ಟಿಯಲ್ಲಿದೆ. ಪೀಸಿಲೊಥೀರಿಯಾ ಕುಲ ಪೂರ್ತಿ 2019ರಲ್ಲಿ ಸೇರಿತು. ನಿಮ್ಮ ಮೊದಲ ಜೇಡವೇ ಈ ಪಟ್ಟಿಯಲ್ಲಿ ಇರಬಹುದು, ಹೆಸರು ಹುಡುಕಿ ನೋಡಿ.

ಪಾರ್ಸೆಲ್‌ನಲ್ಲಿ ತರಿಸಿಕೊಡುತ್ತೇವೆ ಎನ್ನುವವರನ್ನು ನಂಬಬೇಡಿ. 2021ರ ಜುಲೈಯಲ್ಲಿ ಚೆನ್ನೈ ಕಸ್ಟಮ್ಸ್‌ನವರು ಪೋಲೆಂಡಿನಿಂದ ಬಂದ ಒಂದು ಅಂಚೆ ಪೊಟ್ಟಣ ಬಿಚ್ಚಿದಾಗ ಪುಟ್ಟ ಪ್ಲಾಸ್ಟಿಕ್ ಡಬ್ಬಿಗಳಲ್ಲಿ 107 ಜೀವಂತ ಜೇಡಗಳಿದ್ದವು. ಎಲ್ಲವನ್ನೂ ವಾಪಸ್ ಕಳಿಸಲು ಕ್ರಮ ಕೈಗೊಂಡರು. ಅಮೆರಿಕದಲ್ಲಿರುವ ಕನ್ನಡಿಗರಿಗೆ ಇನ್ನೊಂದು ವಿಷಯ: ಶ್ರೀಲಂಕಾದ ಐದು ಪೀಸಿಲೊಥೀರಿಯಾ ಜಾತಿಗಳು 2018ರಿಂದ ಅಲ್ಲಿನ ಅಳಿವಿನಂಚಿನ ಜೀವಿಗಳ ಕಾಯ್ದೆಯಡಿ ಇವೆ, ಬೇರೆ ರಾಜ್ಯದಿಂದ ಕೊಳ್ಳುವಂತಿಲ್ಲ.

ಇನ್ನು ನಮ್ಮ ಪಶ್ಚಿಮ ಘಟ್ಟ. ಅಲ್ಲಿ ನಮ್ಮದೇ ಟ್ಯಾರಂಟುಲಾಗಳಿವೆ. ಮಣ್ಣಿನ ದಂಡೆಯಲ್ಲಿ ಬಿಲ ಮಾಡುವ ಥ್ರಿಗ್ಮೊಪಿಯಸ್ ಇದೆ. ಮರದ ಪೊಟರೆಯಲ್ಲಿ ಇರುವ, ಸಾಕುವವರು ‘ಮೈಸೂರು ಆರ್ನಮೆಂಟಲ್’ ಎಂದು ಕರೆಯುವ ಪೀಸಿಲೊಥೀರಿಯಾ ಸ್ಟ್ರಿಯಾಟಾ ಇದೆ. ಕಾಡಿನಿಂದ ಒಂದನ್ನೂ ಹಿಡಿದು ತರಬೇಡಿ, ಹಿಡಿದು ತಂದವರಿಂದ ಕೊಳ್ಳಬೇಡಿ. ಮೇಲೆ ಹೇಳಿದ ನೀಲಿ ಜೇಡದ ಕಥೆ ನೋಡಿ. ಆಂಧ್ರದ ಗುತ್ತಿ ರೈಲ್ವೆ ನಿಲ್ದಾಣದ ಮರದ ದಿಮ್ಮಿಗಳ ನಡುವೆ ಸಿಕ್ಕಿದ ಒಂದನ್ನು ನೋಡಿ 1899ರಲ್ಲಿ ಅದಕ್ಕೆ ಹೆಸರಿಟ್ಟರು. ಆಮೇಲೆ ನೂರು ವರ್ಷ ಯಾರಿಗೂ ಕಾಣಲಿಲ್ಲ. 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಕಾಡಿನಲ್ಲಿ ಮತ್ತೆ ಸಿಕ್ಕಿತು. ಆ ಚಿಕ್ಕ ಕಾಡೂ ಸವೆಯುತ್ತಿದೆ. ಇಂಥ ಜೀವಿಯನ್ನು ಅದರ ಮರದಿಂದ ಕಿತ್ತು ತರುವುದಕ್ಕೆ ನನ್ನ ಮನಸ್ಸು ಒಪ್ಪುವುದೇ ಇಲ್ಲ.

ಹೆಜ್ಜೆ 4: ಜಾತಿ ಆರಿಸಿ

ಮೆಲ್ಲಗೆ ಹೋಗೋಣ ಅನ್ನುವವರಿಗೆ ಜಿಬಿಬಿ (ಗ್ರೀನ್ ಬಾಟಲ್ ಬ್ಲೂ) ಎಂದೇ ಹೆಸರಾದ ಕ್ರೊಮ್ಯಾಟೊಪೆಲ್ಮಾ ಇದೆ. ನೀಲಿ ಕಾಲು, ಹಸಿರು ಬೆನ್ನು, ಕಿತ್ತಳೆ ಹೊಟ್ಟೆ. ವೆನೆಜುವೆಲಾದ ಪರಗ್ವಾನಾ ಎಂಬ ಒಣ ಪ್ರದೇಶದ್ದು, ಹಾಗಾಗಿ ತೇವದ ತಲೆನೋವಿಲ್ಲ. ಸ್ವಲ್ಪ ಚುರುಕು. ಪೆಟ್ಟಿಗೆ ತುಂಬ ಬಲೆ ನೇಯುತ್ತದೆ, ನೋಡಲು ಹಬ್ಬ.

ಆದರೆ ನಿಜವಾದ ಮುಂದಿನ ಮೆಟ್ಟಿಲು ಬೇಕು ಅಂದರೆ ನಾನು ಹೇಳುವುದು ಸಾಲ್ಮೊಪಿಯಸ್ ಕುಲ. ಟ್ರಿನಿಡಾಡ್‌ನ ಸಾಲ್ಮೊಪಿಯಸ್ ಕೇಂಬ್ರಿಡ್ಜೈ ಆಗಬಹುದು, ವೆನೆಜುವೆಲಾ ಕಡೆಯ ಸಾಲ್ಮೊಪಿಯಸ್ ಇರ್ಮಿನಿಯಾ ಆಗಬಹುದು. ಮೊದಲನೆಯದು ಹಸಿರು ಛಾಯೆಯ ಕಂದು. ಎರಡನೆಯದು ಕಪ್ಪು ಮಖಮಲ್, ಕಾಲಿನ ತುದಿಗಳಲ್ಲಿ ಬೆಂಕಿ ಬಣ್ಣದ ಗೆರೆ. ಎರಡೂ ಗಟ್ಟಿಮುಟ್ಟು, ಬೇಗ ಬೆಳೆಯುತ್ತವೆ, ಚೆನ್ನಾಗಿ ತಿನ್ನುತ್ತವೆ. ಸಾಕುವುದು ಕಷ್ಟವಲ್ಲ. ಕಷ್ಟ ಇರುವುದು ಮುಚ್ಚಳ ತೆಗೆದಾಗ, ಯಾಕೆಂದರೆ ಇವು ಮಿಂಚಿನ ವೇಗದವು. ನ್ಯೂ ವರ್ಲ್ಡ್ ಆದರೂ ಇವುಗಳಿಗೆ ತುರಿಕೆ ಕೂದಲಿಲ್ಲ, ಮೊದಲು ಓಡುತ್ತವೆ, ಕೊನೆಗೆ ಕಚ್ಚುತ್ತವೆ. ಅಂದರೆ ನಡವಳಿಕೆಯಲ್ಲಿ ಓಲ್ಡ್ ವರ್ಲ್ಡ್ ಜೇಡದ ಹಾಗೆ, ವಿಷದಲ್ಲಿ ಅಷ್ಟು ತೀವ್ರವಲ್ಲ. ಕಲಿಯಲು ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ.

ಕಚ್ಚಿದರೆ ಏನಾಗುತ್ತದೆ ಎಂಬುದರ ಹಿಂದೆ ಒಂದು ಸೊಗಸಾದ ವಿಷಯ ಇದೆ. ಮೆಣಸಿನಕಾಯಿಯ ಖಾರ ಉರಿಯುವುದು ನರಗಳಲ್ಲಿರುವ ಒಂದು ಗ್ರಾಹಕದಿಂದ (ರಿಸೆಪ್ಟರ್). ಕೇಂಬ್ರಿಡ್ಜೈನ ವಿಷದಲ್ಲಿರುವ ಮೂರು ಪೆಪ್ಟೈಡ್‌ಗಳು, ಅಂದರೆ ಪುಟ್ಟ ಪ್ರೋಟೀನ್ ತುಣುಕುಗಳು, ಅದೇ ಗ್ರಾಹಕವನ್ನು ಕೆರಳಿಸುತ್ತವೆ ಎಂದು 2006ರಲ್ಲಿ ವಿಜ್ಞಾನಿಗಳು ತೋರಿಸಿದರು. ವೈರಿ ಬಾಯಿ ಹಾಕದಂತೆ ಮಾಡಲು ಗಿಡವೂ ಜೇಡವೂ ಬೇರೆ ಬೇರೆಯಾಗಿ ಒಂದೇ ಉಪಾಯ ಕಂಡುಕೊಂಡಿವೆ.

ಕೇವಲ ತೇವದ ಸವಾಲು ಸಾಕು, ಓಟ ಬೇಡ ಅನ್ನುವವರು ಥೆರಾಫೋಸಾ ಸ್ಟಿರ್ಮಿ ನೋಡಬಹುದು. ಕಿತ್ತಳೆ ಬಣ್ಣದ ಒಬಿಟಿ (ಆರೆಂಜ್ ಬಬೂನ್ ಟ್ಯಾರಂಟುಲಾ) ಕಡಿಮೆ ಬೆಲೆಗೆ ಸಿಗುತ್ತದೆ, ಸಾಯುವುದೂ ಕಷ್ಟ. ಅದಕ್ಕೇ ಬಹಳ ಜನ ಎರಡನೆಯದಾಗಿ ತಂದುಬಿಡುತ್ತಾರೆ. ಅದು ಬೇಡ. ವೇಗ, ವಿಷ, ಸಿಟ್ಟು ಮೂರೂ ಒಟ್ಟಿಗೆ ಇರುವ ಆಫ್ರಿಕದ ಜೇಡ ಅದು.

ಹೆಜ್ಜೆ 5: ಮರಿಯನ್ನೇ ತನ್ನಿ

ಸ್ಲಿಂಗ್ ಎನ್ನುವ ಮರಿ ಹಂತದಲ್ಲಿ, ಕಾಲು ಚಾಚಿದರೆ 2ರಿಂದ 4 ಸೆಂಟಿಮೀಟರ್ ಇರುವುದನ್ನು ಕೊಳ್ಳಿ. ಅದು ಬೆಳೆಯುತ್ತಾ ಹೋದ ಹಾಗೆ ನಿಮ್ಮ ಕೈಯೂ ಪಳಗುತ್ತದೆ. ದೊಡ್ಡ ಹೆಣ್ಣನ್ನೇ ತಂದರೆ ಮೊದಲ ದಿನವೇ ದೊಡ್ಡ ಪರೀಕ್ಷೆ. ಮಾರುವವರನ್ನು ಕೇಳಿ: ವೈಜ್ಞಾನಿಕ ಹೆಸರೇನು, ಸಾಕಿದ ಜೇಡಗಳ ಮರಿಯೇ, ಕೊನೆಯ ಸಲ ಯಾವಾಗ ಪೊರೆ ಬಿಟ್ಟಿತು, ಏನು ತಿನ್ನುತ್ತಿದೆ, ಕಾಗದ ಪತ್ರ ಏನಿದೆ. ಹೆಸರು ಸರಿಯಾಗಿ ಹೇಳದವರ ಹತ್ತಿರ ಕೊಳ್ಳಬೇಡಿ. ಹೊಟ್ಟೆ ಸುಕ್ಕಾಗಿರುವ, ಕಾಲುಗಳನ್ನು ಮೈ ಕೆಳಗೆ ಮಡಚಿ ಕೂತಿರುವ ಮರಿ ಬೇಡ.

ಹೆಜ್ಜೆ 6: ಪೆಟ್ಟಿಗೆ ಮೊದಲು, ಜೇಡ ಆಮೇಲೆ

ಮರಿಗೆ ಗಾಳಿಯ ತೂತು ಮಾಡಿದ ಎತ್ತರದ ಪ್ಲಾಸ್ಟಿಕ್ ಡಬ್ಬಿ ಸಾಕು. ದೊಡ್ಡದಾದ ಮೇಲೆ 20 ಸೆಂಟಿಮೀಟರ್ ಅಗಲ, 20 ಉದ್ದ, 30 ಎತ್ತರದ್ದು ಬೇಕು, ಪೂರ್ತಿ ಬೆಳೆದ ಹೆಣ್ಣಿಗೆ ಇನ್ನೂ ಸ್ವಲ್ಪ ದೊಡ್ಡದು. ತೂತುಗಳು ಎದುರುಬದುರು ಗೋಡೆಗಳಲ್ಲಿ ಇರಲಿ, ಗಾಳಿ ಅಡ್ಡ ಹಾಯಬೇಕು. ತೂತಿನ ಅಗಲ ಜೇಡದ ತಲೆಭಾಗಕ್ಕಿಂತ ಸಣ್ಣದಿರಲಿ.

ಮಣ್ಣಿಗೆ ಗೊಬ್ಬರ ಬೆರೆಸದ ಕೋಕೋಪೀಟ್ ಹಾಕಿ. ಮರವಾಸಿ ಅಂತ ತೆಳುವಾಗಿ ಹಾಕಬೇಡಿ. ಸಾಲ್ಮೊಪಿಯಸ್ ಮರಿಗಳು ತೊಗಟೆಯ ಬುಡದಲ್ಲಿ ಮಣ್ಣು ಅಗೆದು, ಅದೇ ಮಣ್ಣನ್ನು ಬಲೆಗೆ ಅಂಟಿಸಿ ಬಾಗಿಲಿನ ಪರದೆಯ ಹಾಗೆ ಕಟ್ಟಿಕೊಳ್ಳುತ್ತವೆ. ಡಬ್ಬಿಯ ಕಾಲುಭಾಗದಿಂದ ಮೂರನೇ ಒಂದು ಭಾಗ ಮಣ್ಣಿರಲಿ. ಮೇಲೆ ಓರೆಯಾಗಿ ಒಂದು ಕಾರ್ಕ್ ತೊಗಟೆ, ಅದನ್ನು ಮರೆ ಮಾಡುವ ಒಂದೆರಡು ಪ್ಲಾಸ್ಟಿಕ್ ಎಲೆ, ನೀರಿನ ಪುಟ್ಟ ಬಟ್ಟಲು. ಬಚ್ಚಿಟ್ಟುಕೊಳ್ಳಲು ಜಾಗ ಇರುವ ಜೇಡ ಅಡಗುತ್ತದೆ. ಜಾಗ ಇಲ್ಲದ್ದು ಮುಚ್ಚಳದ ಕಡೆಗೇ ಓಡುತ್ತದೆ. ಇಷ್ಟು ಗೊತ್ತಿದ್ದರೆ ಅರ್ಧ ಅಪಾಯ ಕಡಿಮೆ.

ತೇವಮಾಪಕದ ಅಂಕಿ ನೋಡುತ್ತಾ ಕೂರಬೇಡಿ. ಮಣ್ಣಿನ ಒಂದು ಮೂಲೆಗೆ ನೀರು ಸುರಿದು ಅದು ಒಣಗುತ್ತಾ ಬಂದಾಗ ಮತ್ತೆ ಸುರಿಯಿರಿ, ಇನ್ನೊಂದು ಕಡೆ ಒಣಗಿಯೇ ಇರಲಿ. ಎಲ್ಲಿರಬೇಕು ಅಂತ ಜೇಡವೇ ಆರಿಸಿಕೊಳ್ಳುತ್ತದೆ. ಪೆಟ್ಟಿಗೆ ಒಂದು ವಾರ ಖಾಲಿ ಇಟ್ಟು, ಬೂಷ್ಟು ಬರುವುದಿಲ್ಲ, ಬಾಗಿಲು ಸರಿಯಾಗಿ ಕೂರುತ್ತದೆ ಅಂತ ಖಾತ್ರಿ ಮಾಡಿಕೊಳ್ಳಿ.

ಹೆಜ್ಜೆ 7: ಮನೆ ಬದಲಾಯಿಸುವುದು

ಜೇಡ ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಈ ಹೊತ್ತಿನಲ್ಲೇ. ರೀಹೌಸಿಂಗ್ ಎನ್ನುವ ಈ ಕೆಲಸವನ್ನು ಹಗಲಿನಲ್ಲಿ ಮಾಡಿ, ಆಗ ಜೇಡ ಮಂದವಾಗಿರುತ್ತದೆ. ಫ್ಯಾನ್ ನಿಲ್ಲಿಸಿ. ಬಾಗಿಲ ಸಂದಿಗೆ ಟವೆಲ್ ತುರುಕಿ. ಒಂದು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಟಬ್ಬನ್ನು ನೆಲದ ಮೇಲಿಟ್ಟು, ಹಳೆಯ ಡಬ್ಬಿ, ಹೊಸ ಪೆಟ್ಟಿಗೆ ಎರಡನ್ನೂ ಅದರೊಳಗೇ ಇಡಿ. ಪಕ್ಕದಲ್ಲಿ ಎರಡು ಪಾರದರ್ಶಕ ಲೋಟ, ಗಟ್ಟಿ ರಟ್ಟು, ಉದ್ದ ಹಿಡಿಯ ಮೆತ್ತನೆ ಪೇಂಟ್ ಬ್ರಷ್. ಎಲ್ಲ ಕೈಗೆ ಸಿಗುವ ಹಾಗಿದ್ದರೆ ಮಾತ್ರ ಶುರು ಮಾಡಿ.

ಮರಿಯಾದರೆ ಸುಲಭದ ದಾರಿ ಇದೆ. ಹಳೆಯ ಡಬ್ಬಿಯ ಮುಚ್ಚಳ ತೆಗೆದು ಡಬ್ಬಿಯನ್ನೇ ಹೊಸ ಪೆಟ್ಟಿಗೆಯೊಳಗೆ ಮಲಗಿಸಿ ಬಾಗಿಲು ಹಾಕಿಬಿಡಿ. ಒಂದೆರಡು ರಾತ್ರಿಯಲ್ಲಿ ತಾನೇ ಹೊರಬರುತ್ತದೆ. ದೊಡ್ಡದು ತೊಗಟೆಯ ಕೊಳವೆಯೊಳಗಿದ್ದರೆ ಎರಡೂ ತುದಿಗೆ ಟಿಶ್ಯೂ ಕಾಗದ ತುರುಕಿ ಕೊಳವೆ ಸಮೇತ ಎತ್ತಿಡಿ.

ಹೊರಗಡೆ ಕೂತಿದ್ದರೆ ಲೋಟ ಬೇಕು. ಬಾಯಿ ಅದರ ಮುಖದ ಕಡೆ ಇರುವಂತೆ ಲೋಟ ಹಿಡಿದು, ಬ್ರಷ್ಷಿನ ತುದಿಯನ್ನು ಹಿಂದಿನ ಕಾಲಿಗೆ ತಾಗಿಸಿ. ತಾಗಿದ ಕ್ಷಣ ಅದು ಮೊದಲು ಮೈ ತಗ್ಗಿಸುತ್ತದೆ, ಕಾಲುಗಳೆಲ್ಲ ಮೈಗೆ ಅಂಟುತ್ತವೆ. ಮುಂದೆ ನಿಮ್ಮ ಕಣ್ಣಿಗೆ ಕಾಣುವುದು ಒಂದು ಗೆರೆ ಮಾತ್ರ. ಲೋಟದೊಳಗೆ ಹೋಗಿರುತ್ತದೆ, ಇಲ್ಲವೇ ಟಬ್ಬಿನ ಗೋಡೆಯನ್ನು ಸುತ್ತುತ್ತಿರುತ್ತದೆ. ಸುತ್ತುತ್ತಿದ್ದರೆ ಬೆನ್ನಟ್ಟಬೇಡಿ. ಅದು ನಿಲ್ಲುವ ತನಕ ಕಾಯಿರಿ, ನಿಂತ ಮೇಲೆ ನಿಧಾನವಾಗಿ ಲೋಟ ಕವುಚಿ ರಟ್ಟು ಜಾರಿಸಿ. ಮುಂಗಾಲು ಎತ್ತಿ ಹಲ್ಲು ತೋರಿಸಿ ನಿಂತರೆ ಐದು ನಿಮಿಷ ಬಿಟ್ಟುಬಿಡಿ. ತೋಳಿನ ಮೇಲೆ ಹತ್ತಿದರೆ ಕೊಡವಬೇಡಿ, ಊದಬೇಡಿ. ಉಸಿರು ತಾಗಿದರೆ ಮತ್ತೆ ಓಡುತ್ತದೆ. ಅಲ್ಲಾಡದೆ ಇದ್ದು ಇನ್ನೊಂದು ಕೈಯಿಂದ ಲೋಟ ಹಾಕಿ.

ಹೆಜ್ಜೆ 8: ಊಟ ಮತ್ತು ಪೊರೆ

ಮರಿಗೆ ವಾರಕ್ಕೆ ಎರಡು ಸಲ, ಅದರ ಹೊಟ್ಟೆಗಿಂತ ಸಣ್ಣ ಹುಳ ಕೊಡಿ. ದೊಡ್ಡದಕ್ಕೆ ಒಂದೆರಡು ವಾರಕ್ಕೊಮ್ಮೆ ಕ್ರಿಕೆಟ್ ಹುಳ ಅಥವಾ ಸಾಕಿದ ಜಿರಳೆ ಸಾಕು. ಅಡುಗೆಮನೆಯ ಜಿರಳೆ ಬೇಡ, ಅದು ಯಾವ ಔಷಧಿ ತಿಂದು ಬಂದಿದೆಯೋ ಗೊತ್ತಿಲ್ಲ ಅಲ್ವಾ. ತಿನ್ನದ ಹುಳವನ್ನು ಮರುದಿನ ತೆಗೆದುಬಿಡಿ.

ಹೊಟ್ಟೆ ಬಿಗಿಯಾಗಿ, ಬಣ್ಣ ಮಂಕಾಗಿ, ಬಿಲದ ಬಾಯಿ ಮುಚ್ಚಿಕೊಂಡರೆ ಪೊರೆ ಬಿಡುವ ಕಾಲ ಹತ್ತಿರ ಬಂದಿದೆ. ಅಗೆದು ನೋಡಬೇಡಿ, ನೀರು ಮಾತ್ರ ಇರಲಿ. ಪೊರೆ ಬಿಟ್ಟ ಮೇಲೆ ಹಲ್ಲು ಬೆಳ್ಳಗಿರುತ್ತದೆ, ಆಮೇಲೆ ಕೆಂಪಾಗಿ, ಕೊನೆಗೆ ಕಪ್ಪಾಗುತ್ತದೆ. ಕಪ್ಪಾಗುವ ತನಕ ಊಟ ಕೊಡಬಾರದು. ಮರಿಗೆ ನಾಲ್ಕೈದು ದಿನ, ದೊಡ್ಡದಕ್ಕೆ ಸುಮಾರು ಎರಡು ವಾರ ಹಿಡಿಯುತ್ತದೆ.

ಹೆಜ್ಜೆ 9: ಕಚ್ಚಿದರೆ

ಸೋಪು ನೀರಿನಲ್ಲಿ ತೊಳೆಯಿರಿ, ಉಂಗುರ, ವಾಚು ತೆಗೆಯಿರಿ, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ. ಉಸಿರಾಟಕ್ಕೆ ತೊಂದರೆ, ಮುಖ ಊದುವುದು, ಎದೆ ನೋವು, ಸ್ನಾಯು ಸೆಳೆತ, ಇವುಗಳಲ್ಲಿ ಯಾವುದು ಕಂಡರೂ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಜೇಡದ ಪೂರ್ತಿ ಹೆಸರನ್ನು ಪೆಟ್ಟಿಗೆಯ ಮೇಲೆ ಬರೆದು ಅಂಟಿಸಿರಿ. ನೀವಿಲ್ಲದಾಗ ಮನೆಯವರಿಗೂ, ವೈದ್ಯರಿಗೂ ಅದೇ ಬೇಕಾಗುವುದು.

ಓಲ್ಡ್ ವರ್ಲ್ಡ್ ಕಡೆಗೆ ಯಾವಾಗ?

ಸಾಲ್ಮೊಪಿಯಸ್ ಮರಿ ದೊಡ್ಡದಾಗುವಷ್ಟರಲ್ಲಿ ಹಲವು ಸಲ ಮನೆ ಬದಲಾಯಿಸಿರುತ್ತೀರಿ. ಅಷ್ಟೂ ಸಲ ಅದು ಟಬ್ಬಿನಿಂದ ಹೊರಗೆ ಹೋಗಿಲ್ಲ, ನಿಮ್ಮ ಬೆರಳು ಒಳಗೆ ಹೋಗಿಲ್ಲ ಅಂದರೆ ಆಗ ಯೋಚಿಸಬಹುದು. ಆಗಲೂ ನೇರ ಪೀಸಿಲೊಥೀರಿಯಾಕ್ಕೆ ಹೋಗುವುದಕ್ಕಿಂತ ಯೆಮನ್‌ನ ಸೊಕೊಟ್ರಾ ದ್ವೀಪದ ಮೊನೊಸೆಂಟ್ರೋಪಸ್ ಬಾಲ್‌ಫೋರಿ ನನಗೆ ಜಾಸ್ತಿ ಇಷ್ಟ. ಬಿಲ ಮಾಡುವ ಜೇಡ, ಒಣ ಮಣ್ಣು ಸಾಕು, ಗಾಬರಿಯಾದರೆ ಹೊರಗೆ ಬರದೆ ಒಳಗೇ ಓಡುತ್ತದೆ. ಮಣ್ಣು ಮಾತ್ರ ಪೆಟ್ಟಿಗೆಯ ಅರ್ಧಕ್ಕಿಂತ ಮೇಲೆ ತುಂಬಿ.